ಅಪ್ಪನ ಪುಣ್ಯಸ್ಮರಣೆಯ ಕಾರ್ಡು: ಮನೆಯ ಗುಂಪಿನಲ್ಲಿ ಒಂದು ರವಿವಾರ

ತಮ್ಮ (ಪುಣೆ), ಬೆಳಿಗ್ಗೆ 7.40
ಎಲ್ಲ ಹಿರಿಯರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪನ ಮೊದಲ ವರ್ಷದ ಪುಣ್ಯಸ್ಮರಣೆಯಲ್ಲಿ ಹಂಚಲು ಮಾಡಿಸಿದ ಕಾರ್ಡನ್ನು ಮೇಲೆ ಹಾಕಿದ್ದೇನೆ. ಹೆಸರಿನ ಕೆಳಗೆ ‘ಕುಟುಂಬವತ್ಸಲರು, ನಿಸರ್ಗಪ್ರೇಮಿಗಳು’ ಎಂದು ಬರೆಸಿದ್ದೇನೆ. ತಿದ್ದುಪಡಿ ಇದ್ದರೆ ಸಂಜೆಯೊಳಗೆ ತಿಳಿಸಬೇಕು, ನಾಳೆ ಅಚ್ಚಿಗೆ ಹೋಗುತ್ತದೆ.

ಸಣ್ಣ ಕಾಕಾ (ಹುಬ್ಬಳ್ಳಿ), 8.05
ಕಾರ್ಡು ಚೆಂದ ಮೂಡಿದೆ. ಆದರೆ ಹಣೆಯಲ್ಲಿ ವಿಭೂತಿ ಇಲ್ಲದ, ತಲೆಗೆ ಟವೆಲ್ ಸುತ್ತಿಕೊಂಡ ಚಿತ್ರ ಪುಣ್ಯಸ್ಮರಣೆಗೆ ಒಪ್ಪುವುದಿಲ್ಲ. ಅಂಚೆ ಕಚೇರಿಯಿಂದ ನಿವೃತ್ತರಾದ ದಿನ ಅಣ್ಣ ಕೋಟು ಹಾಕಿಕೊಂಡು ತೆಗೆಸಿದ ಭಾವಚಿತ್ರ ನನ್ನ ಬಳಿ ಇದೆ, ಅದನ್ನೇ ಹಾಕು. ‘ನಿಸರ್ಗಪ್ರೇಮಿ’ ಎಂಬ ಮಾತನ್ನೂ ತೆಗೆದರೆ ಒಳ್ಳೆಯದು. ಅವರ ಗುಡ್ಡದ ತಿರುಗಾಟದಿಂದ ಮನೆಯವರು ಪಟ್ಟ ಚಿಂತೆಯನ್ನು ಕಣ್ಣಾರೆ ಕಂಡವನು ನಾನು. ಒಂದು ಮಳೆಗಾಲದಲ್ಲಿ ಕಪ್ಪತಗುಡ್ಡಕ್ಕೆ ಹೋದವರು ರಾತ್ರಿಯಾದರೂ ಮರಳಲಿಲ್ಲವೆಂದು ನಾನು ಡೋಣಿಯವರೆಗೆ ಸೈಕಲ್ ತುಳಿದುಕೊಂಡು ಹುಡುಕಲು ಹೋಗಿದ್ದೆ. ಬೆಳಗಿನ ಜಾವ ಕಾಲು ಉಳುಕಿಸಿಕೊಂಡು ಕುಂಟುತ್ತ ಎದುರಿಗೆ ಬಂದರು. ಆದರೆ ಆ ರಾತ್ರಿಯಿಡೀ ನಮ್ಮವ್ವ ಬಾಗಿಲಲ್ಲೇ ಕುಳಿತಿದ್ದನ್ನು ನಾನು ಮರೆಯಲಾರೆ.

ನಾನು, 9.10
ಕಾಕಾ, ಆ ರಾತ್ರಿಯ ಸಂಗತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಅಪ್ಪನೂ ಅದನ್ನು ತಮ್ಮ ತಪ್ಪೆಂದೇ ಹೇಳುತ್ತಿದ್ದರು, ಆಮೇಲೆ ಎಂದೂ ಹೊತ್ತು ಮುಳುಗುವವರೆಗೆ ಗುಡ್ಡದ ಮೇಲೆ ಉಳಿಯಲಿಲ್ಲ.

ನನ್ನ ತಕರಾರು ಬೇರೆ. ತಮ್ಮಾ, ನೀನು ಬಳಸಿದ ಚಿತ್ರದ ಮೂಲಪ್ರತಿ ನನ್ನ ಕಪಾಟಿನಲ್ಲಿದೆ. ಅದರಲ್ಲಿ ಅಪ್ಪನ ಹೆಗಲ ಮೇಲೆ ನಾಲ್ಕು ವರ್ಷದ ನೀನು ಕುಳಿತಿದ್ದೀಯ, ಅವರ ಬಲಗೈ ಬೆರಳು ಹಿಡಿದು ನಾನು ನಿಂತಿದ್ದೇನೆ, ಹಿಂದೆ ಕಪ್ಪತಗುಡ್ಡದ ಕೆಂಪು ಮಣ್ಣು, ಒಣಹುಲ್ಲು. ಕಾರ್ಡಿನಲ್ಲಿ ನಾವಿಬ್ಬರೂ ಇಲ್ಲ. ನಿನ್ನ ಕಾಲು ಹಿಡಿದಿದ್ದ ಅಪ್ಪನ ಎಡಗೈ ಈಗ ಎದೆಯ ಮುಂದೆ ಬರಿ ಗಾಳಿಯನ್ನು ಹಿಡಿದು ನಿಂತಿದೆ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವೆಂದು ಘೋಷಣೆಯಾದಾಗ ಮನೆಯಲ್ಲಿ ಹೋಳಿಗೆ ಮಾಡಿಸಿದ ಮನುಷ್ಯನ ಬೆನ್ನಿಗೆ, ಅವರು ಜನ್ಮದಲ್ಲಿ ಕಾಣದ ಹಿಮದ ಬೆಟ್ಟವನ್ನು ತಂದು ನಿಲ್ಲಿಸಿದ್ದಾರೆ.

ವಾರದ ಆರು ದಿನ ಕೌಂಟರಿನ ಹಿಂದೆ ಕುಳಿತು ಮನಿಯಾರ್ಡರು, ರಜಿಸ್ಟರು ಬರೆಯುತ್ತಿದ್ದವರಿಗೆ ನಮಗೆ ಕೊಡಲು ಇದ್ದದ್ದೂ ರವಿವಾರ, ಬಯಲಿಗೆ ಹೋಗಲು ಇದ್ದದ್ದೂ ಅದೇ ರವಿವಾರ. ಚಳಿಗಾಲ ಬಂದರೆ ನಸುಕಿನ ಬಸ್ಸಿಗೆ ನಮ್ಮನ್ನು ಎಬ್ಬಿಸಿಕೊಂಡು, ಗದಗಿನಿಂದ ಸುಮಾರು 26 ಕಿಲೋಮೀಟರ್ ದೂರದ ಮಾಗಡಿ ಕೆರೆಗೆ ಹೊರಡುತ್ತಿದ್ದರು. ಮಧ್ಯ ಏಷ್ಯಾದಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಸುತ್ತಲಿನ ಶೇಂಗಾ, ಕಡಲೆ ಹೊಲಗಳಲ್ಲಿ ಮೇದು, ಬಿಸಿಲೇರುತ್ತಿದ್ದಂತೆ ಸಾಲುಸಾಲಾಗಿ ನೀರಿಗೆ ಇಳಿಯುವುದನ್ನು ಕೆರೆಯ ಏರಿಯ ಮೇಲೆ ಕುಳಿತು ನೋಡುತ್ತಿದ್ದೆವು. ಹತ್ತು ಹಕ್ಕಿಗಳ ಒಂದು ಗುಂಪನ್ನು ಕಣ್ಣಳತೆಯಲ್ಲಿ ಗುರುತು ಮಾಡಿಕೊಂಡು, ಅಂಥ ಗುಂಪುಗಳು ಎಷ್ಟಿವೆಯೆಂದು ಎಣಿಸಬೇಕೆಂದು ಹೇಳಿಕೊಟ್ಟರು. ತಮ್ಮನಿಗೆ ಹತ್ತರ ಮಗ್ಗಿ ಬಾಯಿಗೆ ಬಂದದ್ದು ಆ ಏರಿಯ ಮೇಲೆಯೇ. 2024ರಲ್ಲಿ ಕೆರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಪತ್ರಿಕೆಯ ತುಣುಕನ್ನು ಅವರು ಅಡುಗೆಮನೆಯ ಗೋಡೆಗೆ ಅಂಟಿಸಿದ್ದನ್ನು ನೀವೂ ನೋಡಿದ್ದೀರಿ, ಕಾಕಾ. ಈ ಎರಡು ಮಾತುಗಳಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಉಳಿಸಿದರೆ ಅದು ನಮ್ಮ ಅಪ್ಪನ ಕಾರ್ಡು ಆಗುವುದಿಲ್ಲ.

ಅತ್ತಿ (ಹಾವೇರಿ), 9.45
ಮಗಳೇ, ನೀನು ಬರೆದದ್ದನ್ನು ಓದಿ ಕಣ್ಣು ತುಂಬಿ ಬಂತು. ಆದರೂ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಆ ನಸುಕಿನ ಬಸ್ಸಿಗೆ ನಿಮಗೆ ಬುತ್ತಿ ಕಟ್ಟಲು ವೈನಿ ಎಷ್ಟು ಹೊತ್ತಿಗೆ ಏಳುತ್ತಿದ್ದರು? ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿ ನಿಮ್ಮನ್ನು ಕಳಿಸಿದ ಮೇಲೆ, ಹಾಸಿಗೆ ಹಿಡಿದಿದ್ದ ನಮ್ಮವ್ವನ ಆರೈಕೆಗೆ ಅವರು ಮನೆಯಲ್ಲಿಯೇ ಉಳಿಯುತ್ತಿದ್ದರು. ಅಣ್ಣ ಒಳ್ಳೆಯ ತಂದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ‘ಕುಟುಂಬವತ್ಸಲ’ ಎಂದು ಅಚ್ಚು ಹಾಕಿಸುವಾಗ ಆ ಕುಟುಂಬದಲ್ಲಿ ಹೆಂಡತಿಯೂ ಇದ್ದಳೆಂಬುದನ್ನು ನೆನೆಯಬೇಕು.

ನಾನು, 10.20
ಅತ್ತಿ, ಸಿಟ್ಟು ಯಾಕೆ, ಈ ಮಾತಿಗೆ ನನ್ನಲ್ಲಿ ಉತ್ತರವೇ ಇಲ್ಲ. ಅವ್ವ ಯಾಕೆ ಬರುವುದಿಲ್ಲವೆಂದು ನಾನು ಒಮ್ಮೆಯೂ ಕೇಳಲಿಲ್ಲ. ನಾನು ಚಿಕ್ಕವಳಿದ್ದೆ, ಅಪ್ಪ ಕೇಳಬೇಕಿತ್ತು. ನಿವೃತ್ತಿಯ ನಂತರ ಪ್ರತಿ ಚಳಿಗಾಲ ಇಬ್ಬರೂ ಮಾಗಡಿಗೆ ಹೋಗುತ್ತಿದ್ದರು, ರಾಣೆಬೆನ್ನೂರಿನ ಕೃಷ್ಣಮೃಗಗಳನ್ನೂ ನೋಡಿ ಬಂದರು. ಅದರಿಂದ ಆ ಹಿಂದಿನ ವರ್ಷಗಳು ತುಂಬಿ ಬರುವುದಿಲ್ಲವೆಂದು ನನಗೂ ಗೊತ್ತು. ಅವ್ವ ಇಲ್ಲೇ ಇದ್ದಾಳೆ, ಎಲ್ಲರ ಮಾತನ್ನೂ ಓದಿ ಹೇಳುತ್ತೇನೆ.

ನಾನು (ಅವ್ವ ಹೇಳಿದಂತೆ ಬರೆದದ್ದು), 10.55
‘ನಾದಿನಿ ಕೇಳಿದ್ದು ಸರಿಯಾಗಿದೆ. ರೊಟ್ಟಿ ಬಡಿದು ಕಳಿಸಿದ್ದಕ್ಕೆ ನನಗೆ ಬೇಸರವಿರಲಿಲ್ಲ, ನನ್ನನ್ನು ಕರೆಯಲಿಲ್ಲವೆಂಬ ಬೇಸರ ಇತ್ತು, ಅದನ್ನು ಅವರ ಮುಂದೆ ಹೇಳಿಯೂ ಇದ್ದೆ. ಹೇಳಿದ ಮೇಲೆ, ಒಂದು ದೀಪಾವಳಿ ಮುಗಿದು ನಮ್ಮ ಅತ್ತೆಯವರನ್ನು ಹಾವೇರಿಗೆ ಕರೆದೊಯ್ದಾಗ, ನನ್ನನ್ನೂ ಗುಡ್ಡಕ್ಕೆ ಕರೆದುಕೊಂಡು ಹೋದರು. ಆ ಚಿತ್ರ ತೆಗೆದವಳು ನಾನು. ನೆರೆಮನೆಯವರ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿ, ಹೋಗಿ ನಿಂತರು. ಹೊತ್ತು ನನ್ನ ಬೆನ್ನಿಗೆ ಇತ್ತು. ಕೆಳಗೆ ನನ್ನ ನೆರಳು ಬಿದ್ದಿರಬೇಕು, ತೆಗೆದು ನೋಡು.’

ನಾನು, 11.10
ಮೂಲಪ್ರತಿಯನ್ನು ಈಗ ತೆಗೆದು ನೋಡಿದೆ. ಚಿತ್ರದ ಕೆಳ ಅಂಚಿನಲ್ಲಿ, ಅಪ್ಪನ ಪಾದದ ಹತ್ತಿರದವರೆಗೂ ಒಂದು ಉದ್ದನೆಯ ನೆರಳು ಇದೆ, ಸೆರಗು ಗಾಳಿಗೆ ಹಾರಿದೆ. ಇಷ್ಟು ವರ್ಷ ನಾನು ಅದನ್ನು ಗಿಡದ ನೆರಳೆಂದುಕೊಂಡಿದ್ದೆ. ಸ್ಕ್ಯಾನ್ ಮಾಡಿಸಿ ಮಧ್ಯಾಹ್ನ ಕಳಿಸುತ್ತೇನೆ. ತಮ್ಮಾ, ಕೆಳಗಿನ ಅಂಚನ್ನು ಕತ್ತರಿಸಲು ಬಿಡಬೇಡ.

ಸಣ್ಣ ಕಾಕಾ, 11.30
ಆಗಲಿ. ಕೋಟಿನ ಭಾವಚಿತ್ರಕ್ಕೆ ಚೌಕಟ್ಟು ಹಾಕಿಸಿ ತರುತ್ತೇನೆ, ವಿಭೂತಿ ಹಚ್ಚಿ ಪೂಜೆಗೆ ಅದನ್ನು ಇಡೋಣ. ಕಾರ್ಡಿಗೆ ಈ ಚಿತ್ರವೇ ಇರಲಿ, ನಾಲ್ವರ ಹೆಸರೂ ಬರಲಿ, ಕೆಳಗೆ ಕಪ್ಪತಗುಡ್ಡ ಎಂದು ಜಾಗದ ಹೆಸರೂ ಬರಲಿ.

ತಮ್ಮ, 11.34
ಅಕ್ಕಾ, ಆ ಚಿತ್ರದಲ್ಲಿ ನಾನಿದ್ದದ್ದು ನನಗೆ ನೆನಪೇ ಇರಲಿಲ್ಲ. ಫೋನಿನಲ್ಲಿದ್ದ ಕತ್ತರಿಸಿದ ಪ್ರತಿಯನ್ನೇ ಕೊಟ್ಟಿದ್ದೆ. ಎರಡು ದಿನ ತಡೆಯಬೇಕೆಂದು ಅಚ್ಚಿನವರಿಗೆ ಹೇಳಿದ್ದೇನೆ.