ದಿನದ 1.5 ಜಿಬಿ ಮಧ್ಯಾಹ್ನಕ್ಕೇ ಖಾಲಿ: ಲೊಕೇಶನ್ ಆಫ್ ಮಾಡಿದ್ರೆ ಉಳಿಯುತ್ತಾ?

ಹಳ್ಳಿಹೈದ:
ಆಂಡ್ರಾಯ್ಡ್ 13 ಫೋನ್, ದಿನಕ್ಕೆ 1.5 ಜಿಬಿ ಪ್ಯಾಕ್. ಮಧ್ಯಾಹ್ನ ಎರಡಕ್ಕೆಲ್ಲಾ ಮುಗಿದು 64 ಕೆಬಿಪಿಎಸ್‌ಗೆ ಇಳಿಯುತ್ತೆ, ಆಮೇಲೆ ಯುಪಿಐ ಕೂಡ ಸುತ್ತುತ್ತಾ ನಿಲ್ಲುತ್ತೆ. ಲೊಕೇಶನ್ ಯಾವಾಗಲೂ ಆನ್ ಇರುತ್ತೆ. ಅದನ್ನ ಆಫ್ ಮಾಡಿದ್ರೆ ಡೇಟಾ ಉಳಿಯುತ್ತಾ? ಯಾವ ಆಪ್‌ಗೆ ಲೊಕೇಶನ್ ಕೊಡಬೇಕು, ಯಾವುದಕ್ಕೆ ಬೇಡ?

ತಂತಿಬೇಲಿ:
ಸರ್, ಎರಡೂ ಬೇರೆ ಬೇರೆ ವಿಷಯ. ಜಿಪಿಎಸ್ ಅಂದ್ರೆ ಉಪಗ್ರಹದ ಸಿಗ್ನಲ್ ಕೇಳಿಸಿಕೊಳ್ಳೋದು ಅಷ್ಟೇ, ರೇಡಿಯೋ ಇದ್ದ ಹಾಗೆ. ಅದಕ್ಕೆ ಡೇಟಾ ಖರ್ಚಿಲ್ಲ. ಡೇಟಾ ತಿನ್ನೋದು ಮ್ಯಾಪಿನ ಚಿತ್ರ, ಟ್ರಾಫಿಕ್ ಮಾಹಿತಿ. ಲೊಕೇಶನ್ ಆಫ್ ಮಾಡಿದ್ರೆ ಬ್ಯಾಟರಿ ಒಂದಿಷ್ಟು ಉಳೀಬಹುದು, 1.5 ಜಿಬಿ ಉಳಿಯಲ್ಲ.

ಮೊದಲು ಕಳ್ಳ ಯಾರು ಅಂತ ನೋಡಿ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಸಿಮ್ಸ್, ಆಪ್ ಡೇಟಾ ಯೂಸೇಜ್ (ಸ್ಯಾಮ್‌ಸಂಗ್‌ನಲ್ಲಿ ಕನೆಕ್ಷನ್ಸ್, ಡೇಟಾ ಯೂಸೇಜ್). ಫೋನ್ ತಿಂಗಳ ಲೆಕ್ಕ ಇಡೋದ್ರಿಂದ ದಿನದ ಪ್ಯಾಕ್‌ನವರಿಗೆ ಅದು ಅರ್ಥವಾಗಲ್ಲ. ಅಲ್ಲೇ ಸೈಕಲ್ ಶುರುವಾಗೋ ತಾರೀಕನ್ನ ಇವತ್ತಿನ ತಾರೀಕಿಗೆ ಬದಲಾಯಿಸಿ, ಇವತ್ತು ಯಾವ ಆಪ್ ಎಷ್ಟು ನುಂಗಿದೆ ಅನ್ನೋದು ಮಾತ್ರ ಕಾಣುತ್ತೆ. ಆಪ್ ಹೆಸರು ಒತ್ತಿದ್ರೆ ಫೋರ್‌ಗ್ರೌಂಡ್ (ನೀವು ತೆರೆದು ಬಳಸುವಾಗ), ಬ್ಯಾಕ್‌ಗ್ರೌಂಡ್ (ನೀವು ತೆರೆಯದೇ ಇದ್ದಾಗ ಹಿಂದೆ) ಬೇರೆ ಬೇರೆಯಾಗಿ ಬರುತ್ತೆ. ಬ್ಯಾಕ್‌ಗ್ರೌಂಡ್ ಅಂಕಿ ದೊಡ್ಡದಿದ್ರೆ ಅದೇ ಪುಟದಲ್ಲಿ ಬ್ಯಾಕ್‌ಗ್ರೌಂಡ್ ಡೇಟಾ ಆಫ್ ಮಾಡಿ.

ಸಾಮಾನ್ಯವಾಗಿ ಸಿಕ್ಕಿಬೀಳೋರು: ವಾಟ್ಸಾಪ್‌ನ ಆಟೋ ಡೌನ್‌ಲೋಡ್ (ಸ್ಟೋರೇಜ್ ಅಂಡ್ ಡೇಟಾದಲ್ಲಿ ಮೊಬೈಲ್ ಡೇಟಾಗೆ ಎಲ್ಲ ಟಿಕ್ ತೆಗೆಯಿರಿ), ಗೂಗಲ್ ಫೋಟೋಸ್ ಬ್ಯಾಕಪ್, ಪ್ಲೇ ಸ್ಟೋರ್ ಅಪ್‌ಡೇಟ್, ಇನ್‌ಸ್ಟಾಗ್ರಾಂ ಮುಂದಿನ ವಿಡಿಯೋಗಳನ್ನ ಮೊದಲೇ ಇಳಿಸಿಕೊಳ್ಳೋದು. ಯೂಟ್ಯೂಬ್ 480ಪಿ ಆದ್ರೆ ಗಂಟೆಗೆ ಅರ್ಧ ಜಿಬಿ ಆಸುಪಾಸು, 1080ಪಿ ಅದರ ಮೂರ್ನಾಲ್ಕು ಪಟ್ಟು.

64 ಕೆಬಿಪಿಎಸ್ ಅಂದ್ರೆ ಸೆಕೆಂಡಿಗೆ 8 ಕಿಲೋಬೈಟ್, ಇಡೀ ಗಂಟೆ ಎಳೆದ್ರೂ 29 ಎಂಬಿ ದಾಟಲ್ಲ. ಹಿಂದೆ ಬೇರೆ ಆಪ್ ಎಳೀತಿದ್ರೆ ಯುಪಿಐಗೆ ಪಾಲು ಸಿಗಲ್ಲ. ಡೇಟಾ ಸೇವರ್ (ಆಪ್‌ಗಳು ಹಿಂದೆ ಡೇಟಾ ಎಳೆಯೋದನ್ನ ತಡೆಯೋ ಸ್ವಿಚ್) ಆನ್ ಮಾಡಿ, ಪಾವತಿ ಆಪ್ ಮತ್ತು ವಾಟ್ಸಾಪ್‌ಗೆ ಮಾತ್ರ ಅನ್‌ರಿಸ್ಟ್ರಿಕ್ಟೆಡ್, ಅಂದ್ರೆ ಆ ತಡೆಯಿಂದ ವಿನಾಯಿತಿ, ಕೊಡಿ. ವಾಟ್ಸಾಪ್‌ಗೆ ಕೊಡೋದು ಮರೆತ್ರೆ ಮೆಸೇಜ್ ತಡವಾಗಿ ಬರುತ್ತೆ, ಜನ ಫೋನ್ ಕೆಟ್ಟಿದೆ ಅಂದ್ಕೋತಾರೆ.

ಸೀಬೆಹಣ್ಣು:
ಲೊಕೇಶನ್ ಬಗ್ಗೆ ನಾನು ಹೇಳ್ತೀನಿ. ಸೆಟ್ಟಿಂಗ್ಸ್, ಲೊಕೇಶನ್, ಆಪ್ ಲೊಕೇಶನ್ ಪರ್ಮಿಶನ್ಸ್. ಮೇಲೆ 'ಆಲ್ ದಿ ಟೈಮ್' ಪಟ್ಟಿ ಇರುತ್ತೆ, ಅದು ಚಿಕ್ಕದಾದಷ್ಟೂ ಒಳ್ಳೇದು. ಮನೆಯವರ ಜೊತೆ ಲೊಕೇಶನ್ ಹಂಚಿಕೊಳ್ಳೋ ಆಪ್ ಬಿಟ್ರೆ ಅಲ್ಲಿ ಇರಬೇಕಾದ್ದು ಹೆಚ್ಚೇನೂ ಇಲ್ಲ. ಆಟೋ, ಕ್ಯಾಬ್, ಊಟದ ಆಪ್‌ಗೆಲ್ಲ 'ಬಳಸುವಾಗ ಮಾತ್ರ' ಸಾಕು. ಕೆಲವು ಪಾವತಿ ಆಪ್ ಲೊಕೇಶನ್ ಇಲ್ಲದಿದ್ರೆ ಮುಂದಕ್ಕೇ ಹೋಗಲ್ಲ, ಅವಕ್ಕೂ ಇದೇ.

ಆಂಡ್ರಾಯ್ಡ್ 12ರಿಂದ 'ಪ್ರಿಸೈಸ್' ಅನ್ನೋ ಸ್ವಿಚ್ ಬೇರೆ ಇದೆ. ಹವಾಮಾನ, ಸುದ್ದಿ ಆಪ್‌ಗೆ ಅದನ್ನ ಆಫ್ ಮಾಡಿ, ಊರು ಗೊತ್ತಾದ್ರೆ ಸಾಕಲ್ವಾ. ಕ್ಯಾಬ್‌ಗೆ ಆಫ್ ಮಾಡಿದ್ರೆ ಡ್ರೈವರ್ ಪಕ್ಕದ ರಸ್ತೆಯಲ್ಲಿ ನಿಂತು ಫೋನ್ ಮಾಡ್ತಾರೆ! ಪ್ರೈವಸಿ ಡ್ಯಾಶ್‌ಬೋರ್ಡ್‌ನಲ್ಲಿ ಕಳೆದ 24 ಗಂಟೆಯಲ್ಲಿ ಯಾರು ಎಷ್ಟು ಹೊತ್ತಿಗೆ ಇಣುಕಿದ್ರು ಅಂತಾನೂ ಬರುತ್ತೆ.

ಸಾಲದ ಆಪ್ 'ಆಲ್ ದಿ ಟೈಮ್' ಕೇಳಿದ್ರೆ ಅದನ್ನ ಇಟ್ಟುಕೊಳ್ಳಲೇಬೇಡಿ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮದ ಪ್ರಕಾರ ಕೆವೈಸಿಗಾಗಿ ಒಂದು ಸಲ, ನಿಮ್ಮ ಒಪ್ಪಿಗೆ ಪಡೆದು ಲೊಕೇಶನ್ ನೋಡಬಹುದು. ಕಾಂಟ್ಯಾಕ್ಟ್ಸ್ ಮುಟ್ಟೋ ಹಾಗೇ ಇಲ್ಲ.

ಶಿರಾಡಿ, ಚಾರ್ಮಾಡಿ ಕಡೆ ಹೋಗೋರು ಹೊರಡೋ ಮುಂಚೆ ವೈಫೈನಲ್ಲಿ ಆ ಭಾಗದ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಘಾಟಿಯಲ್ಲಿ ನೆಟ್‌ವರ್ಕ್ ಹೋದ್ರೂ ನೀಲಿ ಚುಕ್ಕೆ ಚಲಿಸುತ್ತೆ, ಟ್ರಾಫಿಕ್ ಮಾತ್ರ ಕಾಣಲ್ಲ.

ಹಳ್ಳಿಹೈದ:
ತಾರೀಕು ಬದಲಾಯಿಸಿ ನೋಡಿದೆ. ಮೊದಲನೇ ಸಾಲಲ್ಲೇ 'ಹಾಟ್‌ಸ್ಪಾಟ್ ಅಂಡ್ ಟೆದರಿಂಗ್' 780 ಎಂಬಿ ಅಂತಿದೆ. ಲ್ಯಾಪ್‌ಟಾಪ್‌ನಲ್ಲಿ ಮೇಲ್ ಬಿಟ್ಟು ಏನೂ ನೋಡಿಲ್ವಲ್ಲ?

ತಂತಿಬೇಲಿ:
ನೀವು ನೋಡಿಲ್ಲ, ವಿಂಡೋಸ್ ನೋಡಿದೆ. ಹಾಟ್‌ಸ್ಪಾಟನ್ನ ಅದು ಮನೆಯ ಬ್ರಾಡ್‌ಬ್ಯಾಂಡ್ ಅಂದುಕೊಂಡು ಅಪ್‌ಡೇಟ್, ಒನ್‌ಡ್ರೈವ್ ಎಲ್ಲ ಎಳೆಯುತ್ತೆ. ಲ್ಯಾಪ್‌ಟಾಪ್ ಹಾಟ್‌ಸ್ಪಾಟ್‌ಗೆ ಸೇರಿರುವಾಗಲೇ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ಆ ನೆಟ್‌ವರ್ಕಿನ ಪ್ರಾಪರ್ಟೀಸ್ ತೆರೆದು 'ಮೀಟರ್ಡ್ ಕನೆಕ್ಷನ್' (ಡೇಟಾಗೆ ಮಿತಿ ಇರೋ ನೆಟ್‌ವರ್ಕ್ ಅಂತ) ಆನ್ ಮಾಡಿ. ಹಾಟ್‌ಸ್ಪಾಟಿನ ಹೆಸರು ಬದಲಾಯಿಸಿದ್ರೆ ವಿಂಡೋಸ್‌ಗೆ ಅದು ಹೊಸ ನೆಟ್‌ವರ್ಕ್, ಮತ್ತೆ ಆನ್ ಮಾಡಬೇಕಾಗುತ್ತೆ.