ಸವೆದ ವೀರಗಲ್ಲಿನ ಅಕ್ಷರ ಮೊಬೈಲ್‌ನಲ್ಲಿ 3ಡಿ ಮಾಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರ ಕೆರೆ ಏರಿ ಮೇಲೆ ಸೊಂಟದೆತ್ತರದ ವೀರಗಲ್ಲಿದೆ. ಪಟ್ಟಿಗಳ ನಡುವೆ ಅಕ್ಷರ ಇದೆ, ಆದರೆ ಫೋಟೊದಲ್ಲಿ ಏನೂ ಕಾಣಲ್ಲ. ರಸ್ತೆ ಅಗಲ ಮಾಡುವ ಮಾತು ನಡೆಯುತ್ತಿದೆ, ಅಷ್ಟರಲ್ಲಿ ದಾಖಲಿಸಬೇಕು. ಅಕ್ಷರಕ್ಕೆ ಸೀಮೆಸುಣ್ಣ ತುಂಬಬಹುದೆ?

ಉತ್ತರ: ದಯವಿಟ್ಟು ತುಂಬಬೇಡಿ. ಸೀಮೆಸುಣ್ಣ ಹಚ್ಚುವವರು ತಾವು ಊಹಿಸಿದ ಅಕ್ಷರವನ್ನೇ ಬರೆದಿರುತ್ತಾರೆ. ಮುಂದೆ ಓದುವವರಿಗೆ ಸಿಗುವುದು ಕಲ್ಲಲ್ಲ, ಆ ಊಹೆ. ಮಣ್ಣಿದ್ದರೆ ಬರೀ ನೀರು, ಮೆತ್ತನೆ ಬ್ರಷ್ ಸಾಕು. ತಂತಿ ಬ್ರಷ್, ಸೋಪು, ಆಸಿಡ್ ಬೇಡ. ಕಲ್ಲುಹೂವನ್ನು ಕೆರೆದರೆ ಅದರ ಜೊತೆ ಕಲ್ಲಿನ ಮೇಲ್ಪದರವೂ ಏಳುತ್ತದೆ, ಹಾಗೇ ಬಿಡಿ.

ಬೇರೆ ಬೇರೆ ಜಾಗದಿಂದ ತೆಗೆದ ಫೋಟೊಗಳನ್ನು ಸಾಫ್ಟ್‌ವೇರ್ ಜೋಡಿಸಿ 3ಡಿ ಮಾಡೆಲ್ ಮಾಡುತ್ತದೆ. ಫೋಟೊಗಳನ್ನು ಮೋಡ ಕವಿದ ದಿನ ತೆಗೆಯಿರಿ. ಬಿಸಿಲಿದ್ದರೆ ನೆರಳು ಸರಿಯುತ್ತಾ ಹೋಗಿ ಸಾಫ್ಟ್‌ವೇರ್ ಎಡವುತ್ತದೆ. ಜೂಮ್, ಫ್ಲ್ಯಾಶ್, ಪೋರ್ಟ್ರೇಟ್ ಮೋಡ್ ಬೇಡ. ಎಲ್ಲ ಫೋಟೊಗಳ ಬೆಳಕು ಒಂದೇ ಸಮ ಇರುವಂತೆ ಎಕ್ಸ್‌ಪೋಶರ್ ಲಾಕ್ ಮಾಡಿ. ಒಂದೇ ಕಡೆ ನಿಂತು ಫೋನ್ ತಿರುಗಿಸಿದರೆ ಆಳ ಸಿಗುವುದಿಲ್ಲ, ನೀವೇ ಹೆಜ್ಜೆ ಸರಿಯಬೇಕು. ಮೂರು ಎತ್ತರದಲ್ಲಿ ಕಲ್ಲನ್ನು ಸುತ್ತಿ 80ರಿಂದ 120 ಫೋಟೊ, ಪ್ರತಿಯೊಂದೂ ಹಿಂದಿನದರ ಮೇಲೆ ಶೇ. 70–80 ಕೂಡಿರಲಿ. ಅಂಚುಗಳಲ್ಲಿ ಹೆಚ್ಚು ತೆಗೆಯಿರಿ, ಇಲ್ಲವಾದರೆ ಮುಂಭಾಗ, ಹಿಂಭಾಗ ಎರಡು ತುಂಡಾಗಿ ಬರುತ್ತವೆ. 30 ಸೆಂ.ಮೀ. ಸ್ಟೀಲ್ ಸ್ಕೇಲ್ ಪಕ್ಕದಲ್ಲಿಟ್ಟು ಕೊನೆವರೆಗೂ ಅಲುಗಿಸಬೇಡಿ. ಅದಿಲ್ಲದಿದ್ದರೆ ಆಕಾರ ಸಿಗುತ್ತದೆ, ಅಳತೆ ಸಿಗುವುದಿಲ್ಲ.

ಫೋಟೊ ಜೋಡಿಸಲು, ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಸಿಕ್ಕರೆ ಉಚಿತ ಸಾಫ್ಟ್‌ವೇರ್ ಮೆಶ್‌ರೂಮ್ ಬಳಸಿ, ಇಲ್ಲವೆಂದರೆ ಫೋನಿನಲ್ಲೇ ರಿಯಾಲಿಟಿಸ್ಕ್ಯಾನ್ ಆ್ಯಪ್. ಆಮೇಲೆ 3ಡಿ ಮಾಡೆಲ್ ನೋಡುವ, ತಿದ್ದುವ ಸಾಫ್ಟ್‌ವೇರ್ ಮೆಶ್‌ಲ್ಯಾಬ್‌ನಲ್ಲಿ ಬಣ್ಣ ತೆಗೆದು, ಉಬ್ಬುತಗ್ಗು ಎದ್ದು ಕಾಣಿಸುವ ರೇಡಿಯನ್ಸ್ ಸ್ಕೇಲಿಂಗ್ ಶೇಡರ್ ಹಾಕಿ ನೋಡಿ. ಕಣ್ಣು ತಪ್ಪಿಸುವುದು ಕಲೆಗಳ ಬಣ್ಣ; ಅದು ಹೋದರೆ ಉಳಿಯುವುದು ಕೊರೆದ ಆಳ ಮಾತ್ರ.

ಪ್ರಶ್ನೆ: ಮಾಡೆಲ್ ಬಂತು ಸರ್. ಶಿಲ್ಪ ಚೆನ್ನಾಗಿದೆ, ಅಕ್ಷರ ಮಾತ್ರ ಮೇಣ ಕರಗಿದ ಹಾಗಿದೆ. ಒಂದು ಮೀಟರ್ ದೂರದಿಂದ ತೆಗೆದಿದ್ದೆ.

ಉತ್ತರ: ದೂರವೇ ಕಾರಣ. 12 ಮೆಗಾಪಿಕ್ಸೆಲ್ ಫೋನಿನಲ್ಲಿ ಒಂದು ಮೀಟರ್ ದೂರದಿಂದ ತೆಗೆದರೆ ಒಂದು ಪಿಕ್ಸೆಲ್ ಅಂದರೆ ಕಲ್ಲಿನ ಮೇಲೆ ಸುಮಾರು 0.3 ಮಿ.ಮೀ. ಸವೆದ ಗೀರಿನ ಆಳವೇ ಒಂದು ಮಿ.ಮೀ. ಆಸುಪಾಸು, ಹಾಗಾಗಿ ಅದು ಮುಚ್ಚಿಹೋಗುತ್ತದೆ. ಅಕ್ಷರದ ಪಟ್ಟಿಗಳನ್ನಷ್ಟೇ 35 ಸೆಂ.ಮೀ. ದೂರದಿಂದ ಮತ್ತೆ ತೆಗೆದು ಹಳೆಯ ಫೋಟೊಗಳ ಜೊತೆ ಸೇರಿಸಿ. ನಡುವೆ 60 ಸೆಂ.ಮೀ. ದೂರದ ಒಂದು ಸಾಲೂ ಇರಲಿ, ಇಲ್ಲವಾದರೆ ಎರಡೂ ಜೋಡಣೆಯಾಗುವುದಿಲ್ಲ. ಪೂರ್ತಿ ಹಿಗ್ಗಿಸಿ ನೋಡಿ ಮಸುಕಾದವನ್ನು ಬಿಡಿ.

ರಾತ್ರಿ ಇನ್ನೊಂದು ಕೆಲಸ: ಫೋನನ್ನು ಸ್ಟ್ಯಾಂಡಿಗೆ ಕಟ್ಟಿ, ಟಾರ್ಚನ್ನು ಕಲ್ಲಿನ ಮೈಗೆ 10–15 ಡಿಗ್ರಿ ಓರೆಯಾಗಿ ಎಂಟು ದಿಕ್ಕಿನಿಂದ ಹಿಡಿದು ಒಂದೊಂದು ಫೋಟೊ. ಲಿಪಿ ಓದುವವರಿಗೆ ಎಷ್ಟೋ ಸಲ 3ಡಿಗಿಂತ ಇದೇ ಹೆಚ್ಚು ನೆರವಾಗುತ್ತದೆ.

ಕರ್ನಾಟಕದ ಶಾಸನಗಳ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ನಿಮ್ಮ ತಾಲ್ಲೂಕಿನ ಪಟ್ಟಿ ನೋಡಿ. ಆ ಸಂಪುಟಗಳನ್ನು ಆರಂಭಿಸಿದ ಬಿ.ಎಲ್. ರೈಸ್ ಕಾಲದ ಪಾಠ ಸಿಕ್ಕರೆ ಅಂದಿನಿಂದ ಅಳಿದ ಅಕ್ಷರ ಯಾವುದೆಂದು ಹೋಲಿಸಬಹುದು. ಕೆಲವು ಸಾಲು ನೆಲದೊಳಗಿದ್ದರೂ ನೀವೇ ಅಗೆಯಬೇಡಿ. ರಸ್ತೆ ಕೆಲಸ ಶುರುವಾಗುವ ಮೊದಲೇ ಪುರಾತತ್ವ ಇಲಾಖೆಗೆ, ತಹಶೀಲ್ದಾರರಿಗೆ ಫೋಟೊ ಸಮೇತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಮೂಲ ಫೋಟೊಗಳನ್ನು ಸರ್ವೆ ನಂಬರ್, ಹೋಬಳಿ, ದಿನಾಂಕದೊಂದಿಗೆ ಎರಡು ಡಿಸ್ಕ್‌ನಲ್ಲಿಡಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಿ. ಸಾರ್ವಜನಿಕವಾಗಿ ಹಾಕುವಾಗ ಫೋಟೊದಲ್ಲಿರುವ ಜಿಪಿಎಸ್ ಸ್ಥಳ ವಿವರ ತೆಗೆದು ಊರಿನ ಹೆಸರಷ್ಟೇ ಕೊಡಿ. ನಿಧಿಗಳ್ಳರ ಕಾಟ ಇದ್ದೇ ಇದೆ.