ಬ್ರಿಟಿಷ್ ಶಾರ್ಟ್‌ಹೇರ್ ಬೆಕ್ಕು: ಪಶುವೈದ್ಯರಿಗೆ ಕೇಳಿದ್ದು, ಅವರು ಹೇಳಿದ್ದು

ಸುಮಂಗಲಾ, ಡೊಂಬಿವಲಿ: ಡಾಕ್ಟ್ರೇ, ನಮಸ್ಕಾರ. ಮಗಳು ಬೆಕ್ಕು ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ. ಕಲ್ಯಾಣದಲ್ಲಿ ಒಬ್ಬರು ಬ್ರಿಟಿಷ್ ಶಾರ್ಟ್‌ಹೇರ್ ಮರಿ ಅಂತ ಫೋಟೊ ಕಳಿಸಿದ್ದಾರೆ. ಎರಡು ತಿಂಗಳದ್ದು, ಬೂದು ಬಣ್ಣ, ಕಿವಿ ಮುಂದಕ್ಕೆ ಮಡಚಿಕೊಂಡಿದೆ, ಕಣ್ಣು ನೀಲಿ. ಪೇಪರ್ ಆಮೇಲೆ ಕೊಡ್ತಾರಂತೆ. ಅಸಲಿಯಾ?

ಪಶುವೈದ್ಯರು, ಮುಲುಂಡ್: ಕಿವಿ ಮಡಚಿದೆ ಅಂದ ಮೇಲೆ ಅದು ಬ್ರಿಟಿಷ್ ಅಲ್ಲ. ಸ್ಕಾಟಿಷ್ ಫೋಲ್ಡ್ ಅನ್ನುವ ಬೇರೆ ತಳಿ ಆಗಿರಬೇಕು, ಇಲ್ಲವೇ ಅದರ ಬೆರಕೆ. ಆ ಕಿವಿಯನ್ನು ಬಗ್ಗಿಸುವ ಜೀನು ಕಿವಿಗೆ ಮಾತ್ರ ನಿಲ್ಲುವುದಿಲ್ಲ, ಮೈಯ ಮೃದ್ವಸ್ಥಿಯನ್ನೆಲ್ಲ ಕೆಡಿಸುತ್ತದೆ. ಬಾಲ ಬಿರುಸಾಗುತ್ತದೆ, ಹಿಂಗಾಲಿನ ಗಂಟು ಊದುತ್ತದೆ, ಬೆಕ್ಕು ಜಿಗಿಯುವುದನ್ನೇ ಬಿಡುತ್ತದೆ. ಅಪ್ಪ ಅಮ್ಮ ಇಬ್ಬರದೂ ಮಡಚಿದ ಕಿವಿಯಾದರೆ ಮರಿಗೆ ಇದೆಲ್ಲ ಇನ್ನೂ ಬೇಗ. ನೋವಿಗೆ ಔಷಧಿ ಕೊಡಬಹುದೇ ಹೊರತು ವಾಸಿಯಾಗುವ ಕಾಯಿಲೆ ಅಲ್ಲ. ಪುಕ್ಕಟೆ ಕೊಟ್ಟರೂ ಬೇಡ ಅನ್ನಿ.

ನೀಲಿ ಕಣ್ಣಿಗೆ ತಲೆ ಕೆಡಿಸಿಕೊಳ್ಳಬೇಡಿ, ಮರಿಗಳಿಗೆಲ್ಲ ಹಾಗೇ. ಬೂದು ಬ್ರಿಟಿಷ್ ಬೆಕ್ಕಿನ ಕಣ್ಣು ತಿಂಗಳುಗಟ್ಟಲೆ ಬದಲಾಗುತ್ತಾ ಹೋಗಿ ತಾಮ್ರದ ಬಣ್ಣಕ್ಕೆ ನಿಲ್ಲುತ್ತದೆ.

ಬೂದು ಮೈ, ದುಂಡು ಮುಖ ಕಂಡರೆ ಸಾಕು, ನಮ್ಮಲ್ಲಿ ಬ್ರಿಟಿಷ್ ಅಂತ ಮಾರುತ್ತಾರೆ. ಫೋಟೊ ಬದಿಗಿಟ್ಟು ತಾಯಿ ಬೆಕ್ಕನ್ನು ಕೈಯಲ್ಲಿ ಹಿಡಿದು ನೋಡಿ. ಎದೆ ಅಗಲ, ಕಾಲು ಗಿಡ್ಡ ಮತ್ತು ದಪ್ಪ, ಬಾಲ ಬುಡದಲ್ಲಿ ದಪ್ಪಗಿದ್ದು ತುದಿ ದುಂಡಗಿರಬೇಕು. ಕಿವಿ ಚಿಕ್ಕದು, ಎರಡರ ನಡುವೆ ಅಂತರ ಜಾಸ್ತಿ. ಪಕ್ಕದಿಂದ ನೋಡಿದರೆ ಹಣೆ ಇಳಿದು ಮೂಗು ಶುರುವಾಗುವಲ್ಲಿ ಒಂದು ಸಣ್ಣ ತಗ್ಗು, ಅಷ್ಟೇ. ಮೂಗು ಕಣ್ಣುಗಳ ಮಟ್ಟಕ್ಕೇ ಏರಿ ಒಳಗೆ ಹೂತಿದ್ದರೆ ಪರ್ಷಿಯನ್ ಬೆರಕೆ. ತೆಳ್ಳನೆ ಕಾಲು, ಹಸಿರು ಕಣ್ಣು ಇದ್ದರೆ ರಷ್ಯನ್ ಬ್ಲೂ ಕಡೆಯದು.

ಕೂದಲು ಗಿಡ್ಡ, ಆದರೆ ಒತ್ತಾಗಿ ನಿಂತಿರುತ್ತದೆ. ಅಂಗೈಯಿಂದ ಹಿಂದಕ್ಕೆ ತಳ್ಳಿ ಬಿಟ್ಟರೆ ತಟ್ಟನೆ ಎದ್ದು ನಿಲ್ಲಬೇಕು. ಬೆಕ್ಕು ಕತ್ತು ತಿರುಗಿಸಿದಾಗ ಎದೆಯ ಮೇಲಿನ ಕೂದಲು ಬೈತಲೆ ತೆಗೆದಂತೆ ಸೀಳಿ ಒಳಗಿನ ಚರ್ಮದವರೆಗೂ ಗೆರೆ ಕಾಣುತ್ತದೆ. ಇದನ್ನು ಬೆರಕೆಯಲ್ಲಿ ತರುವುದು ಕಷ್ಟ.

ಗಿರೀಶ, ಪುಣೆ: ಡಾಕ್ಟ್ರೇ, ಅಸಲಿ ಬ್ರಿಟಿಷ್‌ನಲ್ಲೂ ಪರ್ಷಿಯನ್ ರಕ್ತ ಇದೆ ಅಂತಾರಲ್ಲ?

ಪಶುವೈದ್ಯರು: ಇದೆ. ಮೂಲದಲ್ಲಿ ಇದು ಬ್ರಿಟನ್ನಿನ ಬೀದಿ ಬೆಕ್ಕು, ಹೊಲಮನೆಯಲ್ಲಿ ಇಲಿ ಹಿಡಿಯುತ್ತಿದ್ದದ್ದು. ರೋಮನ್ನರ ಜೊತೆ ಆ ದ್ವೀಪಕ್ಕೆ ಬಂದ ಬೆಕ್ಕುಗಳ ಸಂತತಿ ಅನ್ನುವುದು ರೂಢಿಯ ಮಾತು. 1871ರ ಜುಲೈನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಚಿತ್ರಕಾರ ಹ್ಯಾರಿಸನ್ ವಿಯರ್ ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನದಿಂದ ತಳಿಯಾಗಿ ಹೆಸರು ಬಂತು. ಎರಡು ಮಹಾಯುದ್ಧಗಳಲ್ಲಿ ಸಾಕುವವರೂ ಕಡಿಮೆಯಾದರು, ಬೆಕ್ಕೂ ಕಡಿಮೆಯಾಯಿತು. ತಳಿ ಉಳಿಸಲು ಪರ್ಷಿಯನ್, ರಷ್ಯನ್ ಬ್ಲೂ ಬೆರೆಸಿದರು. ಬೆಕ್ಕಿನ ತಳಿಗಳನ್ನು ನೋಂದಾಯಿಸುವ ಅಮೆರಿಕದ ದೊಡ್ಡ ಸಂಸ್ಥೆ ಸಿಎಫ್‌ಎ ಮಾನ್ಯತೆ ಕೊಟ್ಟದ್ದು 1980ರಲ್ಲಿ.

ಈ ಇತಿಹಾಸ ನಿಮ್ಮ ಕಿಸೆಗೂ ಸಂಬಂಧಪಟ್ಟದ್ದು. ಪರ್ಷಿಯನ್ ಕಡೆಯಿಂದ ಉದ್ದ ಕೂದಲಿನ ಜೀನು ಬಂತು, ಹಾಗಾಗಿ ಗಿಡ್ಡ ಕೂದಲಿನ ಜೋಡಿಗೂ ಒಮ್ಮೊಮ್ಮೆ ಜೊಂಪೆ ಕೂದಲಿನ ಮರಿ ಹುಟ್ಟುತ್ತದೆ. ಅದು ತೊಂದರೆಯಲ್ಲ. ಜೊತೆಗೇ ಬಂದ ಪಿಕೆಡಿ ತೊಂದರೆ: ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಕಾಯಿಲೆ. ಅಪ್ಪ ಅಮ್ಮಂದಿರಲ್ಲಿ ಒಬ್ಬರಲ್ಲಿದ್ದರೂ ಅರ್ಧದಷ್ಟು ಮರಿಗಳಿಗೆ ಬರಬಹುದು. ಡಿಎನ್‌ಎ ಪರೀಕ್ಷೆಯಲ್ಲಿ ಖಚಿತವಾಗಿ ಗೊತ್ತಾಗುತ್ತದೆ.

ವಿದ್ಯಾ, ಚೆಂಬೂರು: ನಮ್ಮದು ಎರಡು ವರ್ಷದ ಹೆಣ್ಣು. ಎತ್ತಿಕೊಂಡರೆ ಕೊಸರಿ ಇಳೀತಾಳೆ, ತೊಡೆ ಮೇಲೆ ಕೂರೋದೇ ಇಲ್ಲ. ಆದ್ರೆ ನಾನು ಯಾವ ರೂಮಿಗೆ ಹೋದ್ರೂ ಹಿಂದೆ ಬರ್ತಾಳೆ. ಏನಾದ್ರೂ ಸಮಸ್ಯೆನಾ?

ಪಶುವೈದ್ಯರು: ವಿದ್ಯಾ ಅವರೇ, ತಳಿಯ ಸ್ವಭಾವವೇ ಅದು. ನಾಲ್ಕೂ ಕಾಲು ನೆಲದ ಮೇಲಿದ್ದರೆ ಸಮಾಧಾನ. ಪಕ್ಕದಲ್ಲಿ ಕೂರುತ್ತದೆ, ಮೇಲೆ ಕೂರುವುದಿಲ್ಲ. ಕೂಗಾಟ ಕಡಿಮೆ, ಹಗಲು ಒಂಟಿಯಾಗಿ ಬಿಟ್ಟರೂ ಸುಧಾರಿಸಿಕೊಳ್ಳುತ್ತದೆ. ಮಕ್ಕಳು ಹಿಡಿದೆಳೆದರೆ ಪರಚುವುದಕ್ಕಿಂತ ಎದ್ದು ಹೋಗುವುದೇ ಹೆಚ್ಚು. ಎತ್ತಲೇಬೇಕಾದರೆ ಒಂದು ಕೈ ಎದೆಯಡಿ, ಒಂದು ಕೈ ಹಿಂಭಾಗದಡಿ. ಮೊದಲು ಓಡಾಡಿಕೊಂಡಿದ್ದ ಬೆಕ್ಕು ಈಗ ಹಿಂದೆ ಬರುವುದನ್ನೇ ನಿಲ್ಲಿಸಿ ಮಂಚದಡಿ ಸೇರಿದರೆ ಆಗ ತೋರಿಸಿ.

ಶೇಖರ್, ಠಾಣೆ: ಸರ್, ಗಂಡು, ನಾಲ್ಕು ವರ್ಷ, ಆಪರೇಷನ್ ಆಗಿದೆ. ತೂಕ 8.2 ಕೆಜಿ. ದೊಡ್ಡ ತಳಿ, ಇರ್ಲಿ ಬಿಡಿ ಅಂತಾರೆ ಮನೇಲಿ. ಮಳೆಗಾಲದಲ್ಲಿ ಮೈ ವಾಸನೆ ಅಂತ ವಾರಕ್ಕೊಮ್ಮೆ ಸ್ನಾನ ಮಾಡಿಸ್ತೀವಿ. ಈಗ ಕಿವಿ ಹತ್ರ ಕೂದಲು ಉದುರಿ ದುಂಡಗೆ ಬೋಳಾಗಿದೆ.

ಪಶುವೈದ್ಯರು: ಬೋಳಾದದ್ದು ರಿಂಗ್‌ವರ್ಮ್ ಇರಬಹುದು, ಅಂದರೆ ಶಿಲೀಂಧ್ರ. ಮನೆಯವರಿಗೂ ಹತ್ತುತ್ತದೆ, ಈ ವಾರವೇ ತೋರಿಸಿ. ಸ್ನಾನ ನಿಲ್ಲಿಸಿ. ಇಷ್ಟು ಒತ್ತಾದ ಕೂದಲಿನ ಬುಡ ನಮ್ಮ ಜುಲೈ ತಿಂಗಳ ತೇವದಲ್ಲಿ ಒಣಗುವುದೇ ಇಲ್ಲ. ವಾರಕ್ಕೆರಡು ಸಲ ರಬ್ಬರ್ ಬ್ರಷ್ಷಿನಿಂದ ಬಾಚಿದರೆ ಸಾಕು.

ಇನ್ನು ತೂಕ. ಈ ತಳಿಯ ಗಂಡು ಸಾಮಾನ್ಯವಾಗಿ 5ರಿಂದ 7.5, ಹೆಣ್ಣು 3.5ರಿಂದ 5.5 ಕೆಜಿ. ಪೂರ್ತಿ ಬೆಳೆಯಲು ಮೂರು ವರ್ಷಕ್ಕೂ ಹೆಚ್ಚು ಬೇಕು ನಿಜ, ಆದರೆ ಬೆಳೆಯುವುದು ಎದೆ, ಭುಜ, ಕೆನ್ನೆ, ಹೊಟ್ಟೆಯಲ್ಲ. ಬೆರಳು ಮೆತ್ತಗೆ ಒತ್ತಿದಾಗ ಪಕ್ಕೆಲುಬು ಸಿಗದಿದ್ದರೆ ಅದು ಕೊಬ್ಬು. 6.5 ಕೆಜಿ ಗುರಿ ಇಟ್ಟುಕೊಂಡರೆ ದಿನಕ್ಕೆ ಸುಮಾರು 230 ಕಿಲೋಕ್ಯಾಲರಿ. 100 ಗ್ರಾಮಿಗೆ 380 ಇರುವ ಒಣ ಆಹಾರವಾದರೆ 60 ಗ್ರಾಮ್. ಲೋಟದಲ್ಲಿ ಅಳೆಯಬೇಡಿ, ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ನಾಲ್ಕು ಪಾಲು ಮಾಡಿ ಕೊಡಿ. ವಾರಕ್ಕೆ 80 ಗ್ರಾಮ್ ಇಳಿದರೆ ಸರಿಯಾದ ದಾರಿ. ಬೇಗ ಇಳಿಸೋಣ ಅಂತ ಉಪವಾಸ ಹಾಕಬೇಡಿ: ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಮೈಕೊಬ್ಬು ಲಿವರಿಗೆ ನುಗ್ಗಿ ಜೀವಕ್ಕೇ ಕುತ್ತು.

ಗಂಡು ಅಂತ ಇನ್ನೊಂದು ಮಾತು. ಹೃದಯದ ಗೋಡೆ ದಪ್ಪವಾಗುವ ಎಚ್‌ಸಿಎಂ ಈ ತಳಿಯ ಗಂಡುಗಳಲ್ಲೇ ಹೆಚ್ಚು. ಇದಕ್ಕೆ ಈ ತಳಿಯಲ್ಲಿ ನಂಬಬಹುದಾದ ಜೀನ್ ಪರೀಕ್ಷೆಯಿಲ್ಲ, ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿಯೇ ನೋಡಬೇಕು. ನಿದ್ದೆಯಲ್ಲಿದ್ದಾಗ ಅರ್ಧ ನಿಮಿಷ ಉಸಿರು ಎಣಿಸಿ, ಎರಡರಿಂದ ಗುಣಿಸಿ. ಪದೇ ಪದೇ 30 ದಾಟಿದರೆ, ಬಾಯಿ ತೆರೆದು ಉಸಿರಾಡಿದರೆ, ಹಿಂಗಾಲು ತಣ್ಣಗಾಗಿ ಎಳೆದಾಡಿದರೆ ಬೆಳಗಾಗುವವರೆಗೆ ಕಾಯಬೇಡಿ.

ಗಿರೀಶ, ಪುಣೆ: ನಮ್ಮ ಹೆಣ್ಣಿಗೆ ಒಂದು ಸಲ ಮರಿ ಮಾಡಿಸಬೇಕು ಅಂತಿದೆ. ಏನೇನು ನೋಡ್ಕೋಬೇಕು?

ಪಶುವೈದ್ಯರು: ಮೊದಲು ರಕ್ತದ ಗುಂಪು. ನಮ್ಮ ಸೊಸೈಟಿ ಅಂಗಳದ ಬೆಕ್ಕುಗಳಲ್ಲಿ ಬಹುತೇಕ ಎ ಗುಂಪು. ಬ್ರಿಟಿಷ್‌ಗಳಲ್ಲಿ ಬಿ ಸಾಕಷ್ಟು ಸಿಗುತ್ತದೆ. ತಾಯಿ ಬಿ, ಗಂಡು ಎ ಆದರೆ ಎ ಗುಂಪಿನ ಮರಿಗಳು ಮೊದಲ ದಿನದ ಗಿಣ್ಣು ಹಾಲು ಕುಡಿದೇ ಸಾಯುತ್ತವೆ, ಯಾಕಂದರೆ ಆ ಹಾಲಿನಲ್ಲಿರುವ ಪ್ರತಿಕಾಯ ಮರಿಯ ಕೆಂಪು ಕಣ ಒಡೆಯುತ್ತದೆ. ಹುಟ್ಟಿದಾಗ ಚುರುಕಾಗಿದ್ದ ಮರಿ ಮೂತ್ರ ಕಂದಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ. ಜೋಡಿ ಮಾಡುವ ಮುಂಚೆಯೇ ಇಬ್ಬರದೂ ಪರೀಕ್ಷಿಸಿ. ಮರಿ ಬೇಡ ಅನ್ನುವವರೂ ಆಪರೇಷನ್ ದಿನವೇ ಗುಂಪು ಬರೆಸಿಟ್ಟುಕೊಳ್ಳಿ. ಬಿ ಬೆಕ್ಕಿಗೆ ತುರ್ತಿನಲ್ಲಿ ಯಾವುದೋ ಬೀದಿ ಬೆಕ್ಕಿನ ಎ ರಕ್ತ ಕೊಟ್ಟರೆ ಕೆಲವೇ ಹನಿಗೂ ಪ್ರಾಣ ಹೋಗಬಹುದು.

ಸುಮಂಗಲಾ, ಡೊಂಬಿವಲಿ: ಆ ಮರಿ ಬೇಡ ಅಂದೆ ಡಾಕ್ಟ್ರೇ. ಬೇರೆ ಕಡೆ ಹೋದ್ರೆ ಪೇಪರ್ ಅಂತ ಏನು ಕೇಳ್ಬೇಕು?

ಪಶುವೈದ್ಯರು: ವಂಶಾವಳಿಯ ಪ್ರಮಾಣಪತ್ರ ಒಂದೇ ಸಾಲದು. ಅಪ್ಪ ಅಮ್ಮ ಇಬ್ಬರ ಪಿಕೆಡಿ ವರದಿ, ಒಂದು ವರ್ಷದೊಳಗಿನ ಎಕೋ, ರಕ್ತದ ಗುಂಪು, ಮರಿಯ ಲಸಿಕೆ ಪುಸ್ತಕ ಕೇಳಿ. ವರದಿಯಲ್ಲಿರುವ ಮೈಕ್ರೋಚಿಪ್ ನಂಬರು ಎದುರಿಗಿರುವ ಬೆಕ್ಕಿನದೇನಾ ಅಂತ ಸ್ಕ್ಯಾನರ್ ಹಿಡಿಸಿ ನೋಡಿ. ಮರಿಗೆ 12 ವಾರ ತುಂಬಿರಲಿ. ಮನೆಗೆ ತರುವ ಮುಂಚೆ ಕಿಟಕಿ, ಬಾಲ್ಕನಿಗೆ ಬಲೆ ಹಾಕಿಸಿ. ಪಾರಿವಾಳದ ನೈಲಾನ್ ಬಲೆಯನ್ನು ಹಲ್ಲಿನಿಂದ ಕತ್ತರಿಸಿಬಿಡುತ್ತವೆ, ತಂತಿಯದ್ದೇ ಹಾಕಿಸಿ.